ಪ್ರದರ್ಶನಕ್ಕೆ ಹೋಗಿ ಬಂದ ಹುಂಜ ಸಾಯುವುದು ದೃಷ್ಟಿ ತಾಗಿಯೇ?

ಮಾಲೂರು ತಾಲ್ಲೂಕಿನ ಲಕ್ಕೂರಿನ ಓದುಗರೊಬ್ಬರು ನಮಗೆ ಒಂದು ಪ್ರಶ್ನೆ ಕಳಿಸಿದ್ದರು. ಅವರ ಮನೆಯಲ್ಲಿ ಹತ್ತು ಹನ್ನೆರಡು ನಾಟಿ ಕೋಳಿ, ಜೊತೆಗೆ ಎರಡು ಜಾತಿ ಹುಂಜ. ಅವುಗಳಲ್ಲಿ ಒಂದನ್ನು ಗಡಿ ದಾಟಿ ಹೊಸೂರು ಕಡೆ ನಡೆದ ಕೋಳಿ ಪ್ರದರ್ಶನಕ್ಕೆ ಒಯ್ದಿದ್ದರಂತೆ. ಹುಂಜವನ್ನು ನೋಡಿದವರೆಲ್ಲ ಹೊಗಳಿದರು, ಕೈಯಲ್ಲಿ ಎತ್ತಿ ತೂಗಿ ನೋಡಿದರು, ಫೋಟೋ ತೆಗೆದುಕೊಂಡರು. ಮನೆಗೆ ಬಂದ ಆರನೆಯ ದಿನ ಹುಂಜ ಮಂಕಾಯಿತು. ಎಂಟನೆಯ ದಿನ ಸತ್ತೇ ಹೋಯಿತು. ಮುಂದಿನ ವಾರದೊಳಗೆ ಗೂಡಿನಲ್ಲಿ ಉಳಿದದ್ದು ಕತ್ತು ತಿರುಚಿಕೊಂಡ ಒಂದು ಹೇಟೆ ಮಾತ್ರ. "ಅಷ್ಟು ಜನರ ಕಣ್ಣು ಬಿದ್ದರೆ ಉಳಿಯುತ್ತಾ ಅಂತ ನಮ್ಮ ಅಜ್ಜಿ ಅಂತಾರೆ. ನೀವೇನಂತೀರಿ?" ಎಂದು ಕೇಳಿದ್ದಾರೆ.

ಅಜ್ಜಿಯ ಮಾತನ್ನು ನಕ್ಕು ತಳ್ಳಿಹಾಕಲು ನಮಗೆ ಮನಸ್ಸಿಲ್ಲ, ಯಾಕೆಂದರೆ ಅವರು ಗಮನಿಸಿದ್ದರಲ್ಲಿ ಮುಕ್ಕಾಲು ಭಾಗ ನಿಜ. ಹೆಚ್ಚು ಜನ ಸೇರಿ ಮೆಚ್ಚಿದ ಕೋಳಿ ಸ್ವಲ್ಪ ದಿನದಲ್ಲಿ ಸಾಯುವುದು ಕೋಳಿ ಸಾಕುವವರು ಮತ್ತೆ ಮತ್ತೆ ಕಂಡ ಸಂಗತಿ. ಅಜ್ಜಿ ತಪ್ಪಿದ್ದು ಕಾರಣದಲ್ಲಿ. ಹುಂಜಕ್ಕೆ ತಾಗಿದ್ದು ಆ ಜನರ ಕಣ್ಣಲ್ಲ. ಅವರ ಕೈ, ಅವರ ಚಪ್ಪಲಿ, ಪಕ್ಕದ ಪಂಜರದ ಕೋಳಿಯ ಉಸಿರು, ಎಲ್ಲ ಕೋಳಿಗಳಿಗೂ ಇಟ್ಟಿದ್ದ ಒಂದೇ ನೀರಿನ ಬೋಗುಣಿ. ಇವುಗಳಲ್ಲಿ ಯಾವುದೋ ಒಂದು.

ಆರನೆಯ ದಿನದ ಲೆಕ್ಕ

ಓದುಗರು ಹೇಳಿದ ಲಕ್ಷಣಗಳನ್ನು ನೋಡಿದರೆ ಮೊದಲು ಅನುಮಾನ ಬರಬೇಕಾದದ್ದು ರಾಣಿಖೇತ್ ರೋಗದ ಮೇಲೆ. ನಮ್ಮಲ್ಲಿ ಕೊಕ್ಕರೆ ರೋಗ ಎಂದು ಕರೆಯುವುದು ಇದನ್ನೇ. ಕೋಳಿ ಮೇವು ಬಿಡುತ್ತದೆ, ರೆಕ್ಕೆ ಜೋತುಬೀಳುತ್ತದೆ, ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತದೆ, ಹಸಿರು ಮಿಶ್ರಿತ ಬಿಳಿ ಭೇದಿ ಆಗುತ್ತದೆ. ಬದುಕಿ ಉಳಿದವುಗಳಲ್ಲಿ ಕೆಲವಕ್ಕೆ ಕತ್ತು ತಿರುಚಿಕೊಳ್ಳುತ್ತದೆ, ಕಾಲು ಸೋಲುತ್ತದೆ. ಲಸಿಕೆ ಕಾಣದ ಹಿಂಡಿಗೆ ಈ ವೈರಸ್‌ನ ತೀವ್ರ ತಳಿ ಹೊಕ್ಕರೆ ನೂರಕ್ಕೆ ತೊಂಬತ್ತು, ಕೆಲವೊಮ್ಮೆ ನೂರಕ್ಕೆ ನೂರು ಸಾಯುವುದೂ ಉಂಟು. ರೋಗ ಇದೇ ಎಂದು ಖಚಿತವಾಗಿ ಹೇಳಲು ಪ್ರಯೋಗಾಲಯದ ಪರೀಕ್ಷೆ ಬೇಕು. ಹಾಗೆ ಪರೀಕ್ಷೆ ಯಾಕೆ ಮಾಡಿಸಲೇಬೇಕು ಎನ್ನುವುದನ್ನು ಮುಂದೆ ಹೇಳುತ್ತೇವೆ.

ವೈರಸ್ ಒಳಹೊಕ್ಕ ಗಳಿಗೆಯಿಂದ ಲಕ್ಷಣ ಕಾಣುವವರೆಗೆ ಸಾಮಾನ್ಯವಾಗಿ ಐದಾರು ದಿನ ಬೇಕು. ಎರಡು ದಿನಕ್ಕೇ ಕಾಣಬಹುದು, ಹದಿನೈದು ದಿನವೂ ಹಿಡಿಯಬಹುದು. ಅಂದರೆ ಭಾನುವಾರ ಪ್ರದರ್ಶನದಲ್ಲಿ ಸೋಂಕು ಹತ್ತಿದ ಹುಂಜ ಮುಂದಿನ ಶುಕ್ರವಾರ ಶನಿವಾರದವರೆಗೆ ಕೂಗುತ್ತ, ಕೆರೆಯುತ್ತ, ಹೇಟೆಗಳ ಹಿಂದೆ ಓಡುತ್ತ ಆರೋಗ್ಯವಾಗಿಯೇ ಇರುತ್ತದೆ. ಲಕ್ಷಣ ಕಾಣುವ ಮೊದಲೇ ಅದರ ಹಿಕ್ಕೆಯಲ್ಲಿ, ಉಸಿರಿನಲ್ಲಿ ವೈರಸ್ ಹೊರಬೀಳಲು ಶುರುವಾಗಿರುತ್ತದೆ. ದೃಷ್ಟಿಯ ನಂಬಿಕೆಗೆ ಬಲ ಬರುವುದು ಈ ಅಂತರದಿಂದಲೇ. ಮರುದಿನವೇ ಸತ್ತಿದ್ದರೆ "ಅಲ್ಲೇ ಏನೋ ತಗುಲಿತು" ಎನ್ನುತ್ತಿದ್ದೆವು. ವಾರ ಬಿಟ್ಟು ಸತ್ತದ್ದರಿಂದ ಕಾಣದ ಕಾರಣ ಹುಡುಕುತ್ತೇವೆ.

ಈ ರೋಗಕ್ಕೂ ನಮ್ಮ ದೇಶಕ್ಕೂ ಹಳೆಯ ನಂಟು. 1926ರಲ್ಲಿ ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಮತ್ತು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ, ಮರುವರ್ಷ ಈಗಿನ ಉತ್ತರಾಖಂಡದ ಬೆಟ್ಟದೂರು ರಾಣಿಖೇತ್‌ನಲ್ಲಿ ಇದನ್ನು ಗುರುತಿಸಿದರು. ಜಗತ್ತು ಅದನ್ನು ನ್ಯೂಕ್ಯಾಸಲ್ ರೋಗ ಎಂದಿತು, ನಾವು ರಾಣಿಖೇತ್ ಎಂದೆವು. ಎರಡೂ ಊರಿನವರಿಗೆ ಈ ಹೆಸರಿನಿಂದ ಖುಷಿಯೇನೂ ಆಗಿರಲಿಕ್ಕಿಲ್ಲ.

ಪ್ರದರ್ಶನದ ಕೋಳಿಗೇ ಯಾಕೆ ಹೆಚ್ಚು ಅಪಾಯ?

ಹಿತ್ತಲ ಕೋಳಿ ಹುಟ್ಟಿದ ಮನೆಯ ಸುತ್ತ ನೂರಿನ್ನೂರು ಹೆಜ್ಜೆಯೊಳಗೆ ಬದುಕು ಮುಗಿಸುತ್ತದೆ. ಪ್ರದರ್ಶನದ ಕೋಳಿ ಹಾಗಲ್ಲ. ಅದು ಬೈಕಿನಲ್ಲಿ, ಟೆಂಪೋದಲ್ಲಿ ಜಿಲ್ಲೆ ದಾಟುತ್ತದೆ, ರಾಜ್ಯ ದಾಟುತ್ತದೆ. ಕೋಲಾರ ಜಿಲ್ಲೆಯ ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು. ಅಸೀಲ್ ತಳಿಯ ಹುಂಜಗಳ ಮೇಲೆ ಪ್ರೀತಿ ಇರುವವರು ಈ ಮೂರೂ ಕಡೆ ಇದ್ದಾರೆ. ಗಿಳಿಯ ಕೊಕ್ಕಿನಂಥ ಕೊಕ್ಕು, ಉದ್ದ ಬಾಲದ ಅಸೀಲ್‌ಗಳಿಗಾಗಿಯೇ ತಮಿಳುನಾಡಿನಲ್ಲಿ ಪ್ರದರ್ಶನಗಳು ನಡೆಯುತ್ತವೆ. ಬೆಂಗಳೂರಿನ ಜಿಕೆವಿಕೆ ಕೃಷಿ ಮೇಳದಲ್ಲಿ ಕೋಳಿ ತಳಿಗಳ ಮುಂದೆ ಜನ ಮುತ್ತುವುದನ್ನು ನೀವೂ ನೋಡಿರಬಹುದು. (ಕೋಳಿ ಪಂದ್ಯ ಬೇರೆ ಮಾತು. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ರೋಗದ ದೃಷ್ಟಿಯಿಂದಲೂ ರಕ್ತ, ಗಾಯ, ಜೊಲ್ಲು ಬೆರೆಯುವ ಆ ಕಣಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.)

ಪ್ರಯಾಣದಲ್ಲಿ ಕೋಳಿಗೆ ಬಿಸಿಲು, ಬಾಯಾರಿಕೆ, ಹೆದರಿಕೆ. ಇವೆಲ್ಲ ಸೇರಿ ಅದರ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಅಂಥ ಹೊತ್ತಿನಲ್ಲೇ ಹತ್ತಾರು ಊರಿನ ಕೋಳಿಗಳ ಪಕ್ಕ ಕೂರಬೇಕು.

ಇದು ನಮ್ಮ ಬಡ ಹಿತ್ತಲುಗಳ ಕಥೆ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 2018ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್ ಪ್ರದೇಶದ ಒಂದು ಮನೆಯ ಪ್ರದರ್ಶನದ ಕೋಳಿಗಳಲ್ಲಿ ಇದೇ ರೋಗ ಪತ್ತೆಯಾಯಿತು. ಅದನ್ನು ಪೂರ್ತಿ ತೊಲಗಿಸಿದೆವು ಎಂದು ಅಲ್ಲಿನ ಸರ್ಕಾರ ಘೋಷಿಸಲು 2020ರ ಜೂನ್ ಬರಬೇಕಾಯಿತು. ಅಷ್ಟರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಲ್ಲಲಾಗಿತ್ತು, ಕೋಳಿ ಪ್ರದರ್ಶನಗಳು ರದ್ದಾಗಿದ್ದವು.

"ನಾಟಿ ಕೋಳಿಗೆ ರೋಗ ಬರಲ್ಲ"

ಈ ಮಾತು ಕೇಳದ ಊರಿಲ್ಲ. ನಾಟಿ ಕೋಳಿ ಫಾರಂ ಕೋಳಿಗಿಂತ ಬಿಸಿಲು, ಹಸಿವು, ಒರಟು ಮೇವು ತಾಳುತ್ತದೆ, ನಿಜ. ಕೆಲವು ಹುಳುಬಾಧೆಗಳನ್ನೂ ಚೆನ್ನಾಗಿ ಸಹಿಸುತ್ತದೆ. ಆದರೆ ರಾಣಿಖೇತ್‌ನ ತೀವ್ರ ತಳಿಯ ಮುಂದೆ ನಾಟಿ, ಅಸೀಲ್, ಕಡಕ್‌ನಾಥ್, ಗಿರಿರಾಜ ಎಂಬ ಭೇದ ಇಲ್ಲ. ಬೇಸಿಗೆ ಶುರುವಾಗುತ್ತಿದ್ದಂತೆ ಊರಿಗೆ ಊರೇ ಕೋಳಿ ಖಾಲಿಯಾದ ನೆನಪು ನಿಮ್ಮ ಮನೆಯ ಹಿರಿಯರಿಗೂ ಇರುತ್ತದೆ, ಕೇಳಿ ನೋಡಿ. ಆಗ ಫಾರಂಗಳೇ ಇರಲಿಲ್ಲ, ಇದ್ದದ್ದೆಲ್ಲ ನಾಟಿ ಕೋಳಿಯೇ.

"ಬಿಸಿಲಿಗೆ ಬರುವ ರೋಗ" ಎನ್ನುವುದೂ ಪೂರ್ತಿ ಸರಿಯಲ್ಲ. ಬಿಸಿಲು ಕೋಳಿಯನ್ನು ಸೋಲಿಸುತ್ತದೆ, ರೋಗ ಹುಟ್ಟಿಸುವುದಿಲ್ಲ. ಯುಗಾದಿ, ಹೊಸತೊಡಕು, ಊರಹಬ್ಬಗಳ ಕಾಲದಲ್ಲಿ ಸಂತೆಯಿಂದ ಸಂತೆಗೆ ಕೋಳಿಯ ಓಡಾಟ ಹೆಚ್ಚುತ್ತದೆ. ಇದರ ಜೊತೆಗೆ ನಾವೇ ಮಾಡುವ ಒಂದು ತಪ್ಪಿದೆ. ಗೂಡಿನಲ್ಲಿ ಎರಡು ಕೋಳಿ ಸತ್ತ ಕೂಡಲೇ ಉಳಿದವನ್ನು "ಸಾಯುವ ಮುಂಚೆ ಮಾರಿಬಿಡೋಣ" ಎಂದು ಸಂತೆಗೆ ಒಯ್ಯುತ್ತೇವೆ. ಕೈಗೆ ನಾಲ್ಕು ಕಾಸು ಬರುತ್ತದೆ, ವೈರಸ್‌ಗೆ ನಾಲ್ಕು ಹೊಸ ಊರು ಸಿಗುತ್ತದೆ. ಹಾಗೆ ಮಾರಿದ ಕೋಳಿಯಿಂದಲೇ ಯಾರದೋ ಪ್ರದರ್ಶನದ ಹುಂಜಕ್ಕೂ ಸೋಂಕು ಹತ್ತಬಹುದು.

ಲಸಿಕೆಯೇ ಕೋಳಿಯನ್ನು ಕೊಲ್ಲುತ್ತದೆಯೇ?

ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಲಸಿಕೆ ಬೇಡ ಎನ್ನುವವರಲ್ಲಿ ಬಹಳ ಜನ ಸ್ವಂತ ಅನುಭವದಿಂದಲೇ ಹಾಗೆ ಹೇಳುತ್ತಾರೆ. "ಲಸಿಕೆ ಹಾಕಿಸಿದೆ, ಮೂರನೇ ದಿನ ಎಲ್ಲಾ ಸತ್ತವು." ಸುಳ್ಳಲ್ಲ. ಆದರೆ ಹಾಗಾಗಲು ಮುಖ್ಯವಾಗಿ ಎರಡು ಕಾರಣಗಳಿವೆ.

ಮೊದಲನೆಯದು, ಪಕ್ಕದ ಬೀದಿಯಲ್ಲಿ ಕೋಳಿ ಸಾಯಲು ಶುರುವಾದ ಮೇಲೆ ಲಸಿಕೆಗೆ ಓಡುವುದು. ಅಷ್ಟರಲ್ಲಿ ನಮ್ಮ ಕೋಳಿಗೂ ಸೋಂಕು ಹತ್ತಿರುತ್ತದೆ, ಲಕ್ಷಣ ಮಾತ್ರ ಕಂಡಿರುವುದಿಲ್ಲ. ಲಸಿಕೆ ಹಾಕಿದ ಮರುದಿನವೇ ರಕ್ಷಣೆ ಬರುವುದಿಲ್ಲ. ವಾರದಿಂದ ಎರಡು ವಾರ ಬೇಕು. ಆ ಕೋಳಿ ಲಸಿಕೆ ಹಾಕಿದರೂ ಸಾಯುತ್ತಿತ್ತು, ಹಾಕದಿದ್ದರೂ ಸಾಯುತ್ತಿತ್ತು. ಜೊತೆಗೆ ಒಂದೇ ಸೂಜಿಯನ್ನು ಎಲ್ಲ ಕೋಳಿಗೂ ಚುಚ್ಚಿದರೆ ಸೋಂಕು ಒಂದರಿಂದ ಇನ್ನೊಂದಕ್ಕೆ ಹರಡುವುದೂ ಇದೆ.

ಎರಡನೆಯದು, ತಪ್ಪು ವಯಸ್ಸಿನಲ್ಲಿ ತಪ್ಪು ಲಸಿಕೆ. ನಮ್ಮಲ್ಲಿ ರಾಣಿಖೇತ್‌ಗೆ ಬಳಸುವ ಜೀವಂತ ಲಸಿಕೆಗಳಲ್ಲಿ ಸೌಮ್ಯ ಮತ್ತು ಚುರುಕು ಎಂದು ಎರಡು ಬಗೆ. ಎಫ್ ತಳಿ, ಲಸೋಟಾ ತಳಿ ಸೌಮ್ಯ. ಇವನ್ನು ಪುಟ್ಟ ಮರಿಗಳ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಹಾಕುತ್ತಾರೆ. (ಲಸೋಟಾ ಎಂದರೆ ಯಾವುದೋ ರಾಸಾಯನಿಕದ ಹೆಸರಲ್ಲ. ಆ ವೈರಸ್ ಸಿಕ್ಕಿದ ಅಮೆರಿಕದ ನ್ಯೂಜೆರ್ಸಿಯ ಕೋಳಿ ಫಾರಂ ಮಾಲೀಕರ ಮನೆತನದ ಹೆಸರು.) ಆರ್2ಬಿ ಎನ್ನುವುದು ಚುರುಕಾದದ್ದು. ಉತ್ತರಾಖಂಡದ ಮುಕ್ತೇಶ್ವರದ ಸಂಶೋಧನಾ ಕೇಂದ್ರದ ಹೆಸರು ಹೊತ್ತ ಈ ತಳಿಯನ್ನು 1940ರ ದಶಕದಲ್ಲಿ ನಮ್ಮ ದೇಶದಲ್ಲೇ ರೂಪಿಸಿದರು. ರೋಗದ ವೈರಸ್ಸನ್ನೇ ಮೊಟ್ಟೆಯ ಭ್ರೂಣಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಅದರ ತೀವ್ರತೆ ತಗ್ಗಿಸಿದ್ದು. ತಗ್ಗಿದೆ, ಪೂರ್ತಿ ಹೋಗಿಲ್ಲ. ಅದಕ್ಕೇ ಆರೇಳು ವಾರ ದಾಟದ ಮರಿಗೆ, ಹುಳು ತುಂಬಿ ಬಡಕಲಾದ ಕೋಳಿಗೆ ಇದನ್ನು ಚುಚ್ಚಿದರೆ ಸಾವು ಸಂಭವಿಸಬಹುದು. ತಪ್ಪು ಲಸಿಕೆಯದಲ್ಲ, ಅದನ್ನು ಯಾವಾಗ, ಯಾವ ಕೋಳಿಗೆ ಹಾಕಿದೆವು ಎನ್ನುವುದರದು.

ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ. ಹುಟ್ಟಿದ ಐದರಿಂದ ಏಳನೆಯ ದಿನದೊಳಗೆ ಎಫ್ ಅಥವಾ ಲಸೋಟಾ ಒಂದು ಹನಿ, ನಾಲ್ಕು ವಾರದ ಹೊತ್ತಿಗೆ ಮತ್ತೆ ಲಸೋಟಾ, ಎಂಟು ವಾರದ ಸುಮಾರಿಗೆ ಆರ್2ಬಿ ಅರ್ಧ ಮಿಲಿಲೀಟರ್ ಚುಚ್ಚುಮದ್ದು, ಮೊಟ್ಟೆಗೆ ಬರುವ ಮುನ್ನ ಇನ್ನೊಮ್ಮೆ. ಆರ್2ಬಿ ಹಾಕುವ ವಾರದ ಮೊದಲು ಜಂತುಹುಳುವಿನ ಔಷಧಿ ಕುಡಿಸಬೇಕು. ನಿಮ್ಮ ಊರಿನ ಪಶುವೈದ್ಯರು ಇದರಲ್ಲಿ ಅಷ್ಟಿಷ್ಟು ಬದಲಾವಣೆ ಹೇಳಿದರೆ ಅವರ ಮಾತನ್ನೇ ಕೇಳಿ. ಪ್ರದರ್ಶನಕ್ಕೆ ಒಯ್ಯುವ ಹುಂಜಕ್ಕಾದರೆ ಹೊರಡುವ ದಿನಕ್ಕೆ ಕನಿಷ್ಠ ಮೂರು ವಾರ ಮುಂಚೆ ಲಸಿಕೆ ಮುಗಿದಿರಲಿ. "ನಾಳೆ ಪ್ರದರ್ಶನ, ಇವತ್ತು ಒಂದು ಇಂಜೆಕ್ಷನ್" ಎನ್ನುವುದು ಲಸಿಕೆ ಹಾಕದಿರುವುದಕ್ಕಿಂತಲೂ ಕೆಟ್ಟದ್ದು. ರಕ್ಷಣೆ ಇನ್ನೂ ಬಂದಿರುವುದಿಲ್ಲ, ಲಸಿಕೆಯ ಆಯಾಸ ಮಾತ್ರ ಇರುತ್ತದೆ.

ಇಲ್ಲಿ ಹಳ್ಳಿಯ ನಿಜವಾದ ತೊಡಕು ಬೇರೆ ಇದೆ. ಲಸಿಕೆಯ ಸಣ್ಣ ಸೀಸೆಯಲ್ಲೂ ನೂರು ಡೋಸ್ ಇರುತ್ತದೆ. ಎಂಟು ಕೋಳಿ ಇರುವವರು ನೂರು ಡೋಸ್ ಏನು ಮಾಡಬೇಕು? ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ನಾಳೆಗೆ ಇಡುವಂತಿಲ್ಲ. ಅಂಗಡಿಯಿಂದ ಮನೆಗೆ ಬರುವವರೆಗೂ ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲೇ ಇರಬೇಕು. ಮಾಲೂರಿನಿಂದ ಲಕ್ಕೂರಿಗೆ ಏಪ್ರಿಲ್ ಬಿಸಿಲಲ್ಲಿ ಅಂಗಿಯ ಜೇಬಿನಲ್ಲಿ ಬಂದ ಲಸಿಕೆ ಬರೀ ನೀರು. ಹಾಕಿದವರಿಗೆ ಹಾಕಿದ ಸಮಾಧಾನ, ಕೋಳಿಗೆ ಏನೂ ಇಲ್ಲ. "ಲಸಿಕೆ ಹಾಕಿಸಿದರೂ ಬಂತು" ಎನ್ನುವ ದೂರುಗಳಲ್ಲಿ ಎಷ್ಟೋ ಇಂಥವೇ. ದಾರಿ ಒಂದೇ: ಬೀದಿಯ ಹತ್ತು ಮನೆಯವರು ಒಂದು ದಿನ ಗೊತ್ತುಮಾಡಿಕೊಂಡು, ಐಸ್ ತುಂಬಿದ ಫ್ಲಾಸ್ಕಿನಲ್ಲಿ ಒಂದು ಸೀಸೆ ತಂದು, ಕೋಳಿಗಳು ಗೂಡಿನಿಂದ ಹೊರಬೀಳುವ ಮುಂಚೆ ಬೆಳಗ್ಗೆಯೇ ಮುಗಿಸುವುದು. ನಲ್ಲಿಯ ಕ್ಲೋರಿನ್ ನೀರಿನಲ್ಲಿ ಬೆರೆಸಬಾರದು, ಕ್ಲೋರಿನ್ ಲಸಿಕೆಯ ವೈರಸ್ಸನ್ನು ಕೊಲ್ಲುತ್ತದೆ. ಹನಿ ನಮ್ಮ ಕಣ್ಣಿಗೆ ಸಿಡಿದರೆ ಕಣ್ಣು ಕೆಂಪಾಗಿ ಉರಿಯುತ್ತದೆ, ಎಚ್ಚರ.

ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಜ್ಯ ಸರ್ಕಾರದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಕೋಳಿ ಲಸಿಕೆಗಳನ್ನು ತಯಾರಿಸುತ್ತದೆ. ತಂಪಿನ ತೊಡಕು ಕಡಿಮೆ ಮಾಡಲು ಬಿಸಿ ತಾಳುವ ಲಸಿಕೆಗಳೂ ಬಂದಿವೆ. ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಐ-2 ತಳಿ ಆಫ್ರಿಕಾದ ಹಳ್ಳಿಗಳಲ್ಲಿ ಬಳಕೆಯಲ್ಲಿದೆ. ತಮಿಳುನಾಡಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮೇವಿನಂತೆ ತಿನ್ನಿಸುವ ಗುಳಿಗೆ ರೂಪದ ಲಸಿಕೆ ಮಾಡಿದೆ.

ಅರಿಶಿನ, ಈರುಳ್ಳಿ, ಕ್ಯಾಪ್ಸೂಲ್

ಅರಿಶಿನ, ಬೆಳ್ಳುಳ್ಳಿ, ಸಣ್ಣ ಈರುಳ್ಳಿ ಅರೆದು ತಿನ್ನಿಸುವುದರಿಂದ ಕೋಳಿಗೆ ತೊಂದರೆಯೇನೂ ಇಲ್ಲ. ಆದರೆ ರಾಣಿಖೇತ್ ವೈರಸ್ಸನ್ನು ಅವು ನಿಲ್ಲಿಸುವುದಿಲ್ಲ. ಮೆಡಿಕಲ್ ಶಾಪಿನಿಂದ ತಂದ ಆ್ಯಂಟಿಬಯಾಟಿಕ್ ಕ್ಯಾಪ್ಸೂಲನ್ನು ಬಿಚ್ಚಿ ನೀರಿಗೆ ಸುರಿಯುವುದೂ ಹಾಗೆಯೇ, ಅದು ಬ್ಯಾಕ್ಟೀರಿಯಾಕ್ಕೆ ಮದ್ದು, ವೈರಸ್‌ಗಲ್ಲ. ಹಾಗಾದರೆ "ನಮ್ಮ ಕೋಳಿ ಉಳಿಯಿತಲ್ಲ?" ಎಂದರೆ, ಎಲ್ಲ ಕೆಮ್ಮು, ಎಲ್ಲ ಭೇದಿಯೂ ರಾಣಿಖೇತ್ ಅಲ್ಲ. ತಾನಾಗಿಯೇ ವಾಸಿಯಾಗುವ ರೋಗಗಳಲ್ಲಿ ಮದ್ದಿಗೆ ಹೆಸರು ಬರುತ್ತದೆ.

ಸಿಡುಬಿನಲ್ಲಿ ಆಗುವುದು ಇದೇ. ಜುಟ್ಟು, ಕಣ್ಣಿನ ಸುತ್ತ ಗಂಟು ಎದ್ದು ಹುರುಪೆಗಟ್ಟುವ ಈ ರೋಗ ಬಹಳ ಕೋಳಿಗಳಲ್ಲಿ ಮೂರು ನಾಲ್ಕು ವಾರಕ್ಕೆ ತಾನೇ ಒಣಗುತ್ತದೆ. ಅಷ್ಟರಲ್ಲಿ ಬೇವಿನೆಣ್ಣೆ ಅರಿಶಿನ ಹಚ್ಚಿರುತ್ತೇವೆ. ಹಚ್ಚಿ, ತಪ್ಪೇನಿಲ್ಲ. ಆದರೆ ಸಿಡುಬನ್ನು ಹರಡುವುದು ಮುಖ್ಯವಾಗಿ ಸೊಳ್ಳೆ ಎಂಬುದು ತಿಳಿದಿರಲಿ. ಮುಖದ ಅಂದವೇ ಮುಖ್ಯವಾದ ಪ್ರದರ್ಶನದ ಹುಂಜಕ್ಕೆ ಗೂಡಿಗೊಂದು ಸೊಳ್ಳೆ ಪರದೆ ದುಬಾರಿಯಲ್ಲ. ಇದಕ್ಕೂ ಲಸಿಕೆ ಇದೆ, ರೆಕ್ಕೆಯ ಚರ್ಮಕ್ಕೆ ಚುಚ್ಚುತ್ತಾರೆ. ವಾರ ಹತ್ತು ದಿನದಲ್ಲಿ ಅಲ್ಲಿ ಸಣ್ಣ ಗಂಟು ಕಂಡರೆ ಲಸಿಕೆ ಹತ್ತಿದೆ ಎಂದರ್ಥ.

ಹೋಗಿ ಬಂದ ಮೇಲೆ ಇಪ್ಪತ್ತೊಂದು ದಿನ

ಪ್ರದರ್ಶನದಲ್ಲಿ ನಿಮ್ಮದೇ ನೀರಿನ ಬಟ್ಟಲು, ನಿಮ್ಮದೇ ಮೇವು ಇರಲಿ. ಬೇರೆಯವರ ಕುಕ್ಕೆ ಎರವಲು ಬೇಡ. ಹುಂಜವನ್ನು ಯಾರ ಕೈಗೂ ಕೊಡಬೇಡಿ. ಸಂಕೋಚವಾಗುತ್ತದೆ, ಆದರೂ "ಲಸಿಕೆ ಆಗಿದೆ ಸಾರ್, ಮುಟ್ಟಬಾರದು ಅಂದಿದ್ದಾರೆ" ಎಂದರೆ ಯಾರೂ ಬೇಜಾರಾಗುವುದಿಲ್ಲ.

ಮನೆಗೆ ಬಂದ ಮೇಲೆ ಬಹುತೇಕರು ಎಡವುವುದು ಒಂದು ವಿಷಯದಲ್ಲಿ. ಲಸಿಕೆ ಪಡೆದ ಹುಂಜಕ್ಕೆ ಸೋಂಕು ಹತ್ತಿದರೂ ಅದು ಕಾಯಿಲೆ ಬೀಳದೆ ಇರಬಹುದು. ಆದರೆ ಕೆಲವು ದಿನ ವೈರಸ್ ಹೊರಹಾಕಬಲ್ಲದು. ಹುಂಜ ಗಟ್ಟಿಮುಟ್ಟಾಗಿದೆ, ಲಸಿಕೆ ಹಾಕದ ಮರಿಗಳು ಸಾಯುತ್ತಿವೆ ಎಂಬ ಒಗಟಿಗೆ ಉತ್ತರ ಇಲ್ಲಿದೆ. ಹಾಗಾಗಿ ಹುಂಜ ಎಷ್ಟೇ ಲವಲವಿಕೆಯಿಂದ ಇರಲಿ, ಮೂರು ವಾರ ಬೇರೆಯೇ ಕಟ್ಟಿ. ಮನೆಯ ಇನ್ನೊಂದು ಮಗ್ಗುಲಾದರೂ ಸರಿ, ಗೂಡಿನಿಂದ ಆದಷ್ಟು ದೂರ. ಮೊದಲು ಮನೆಯ ಕೋಳಿಗಳಿಗೆ ಮೇವು ನೀರು, ಕೊನೆಗೆ ಹುಂಜಕ್ಕೆ. ಅದರ ಹತ್ತಿರ ಹೋಗಲು ಬೇರೆ ಚಪ್ಪಲಿ. ಮೂರು ವಾರ ಯಾಕೆಂದರೆ ಅಂತರರಾಷ್ಟ್ರೀಯ ಪಶು ಆರೋಗ್ಯ ನಿಯಮಗಳು ಈ ರೋಗದ ಸುಪ್ತ ಅವಧಿಯನ್ನು ಗರಿಷ್ಠ 21 ದಿನ ಎಂದು ಲೆಕ್ಕ ಹಾಕುತ್ತವೆ. ಸಂತೆಯಿಂದ ತಂದ ಹೊಸ ಕೋಳಿಗೂ ಇದೇ ನಿಯಮ.

ಈ ವೈರಸ್ ಸುತ್ತ ಕೊಬ್ಬಿನ ಪೊರೆ ಇದೆ, ಸೋಪಿನ ನೀರಿಗೆ ಅದು ಒಡೆದುಹೋಗುತ್ತದೆ. ಆದರೆ ಒಣಗಿದ ಹಿಕ್ಕೆಯೊಳಗೆ ವಾರಗಟ್ಟಲೆ ಬದುಕುತ್ತದೆ. ಹಿಕ್ಕೆಯ ಮೇಲೇ ಫಿನಾಯಿಲ್ ಸುರಿದರೆ ಪ್ರಯೋಜನ ಕಡಿಮೆ. ಮೊದಲು ಕೆರೆದು ತೆಗೆಯಿರಿ, ಸೋಪಿನಲ್ಲಿ ಉಜ್ಜಿ, ಲೀಟರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು ಬಿಸಿಲಿಗೆ ಇಡಿ. ಬಿದಿರಿನ ಕುಕ್ಕೆಯ ಸಂದುಗಳನ್ನು ಪೂರ್ತಿ ಶುಚಿ ಮಾಡುವುದು ಕಷ್ಟ. ಕೋಳಿ ಸತ್ತ ಮನೆಯ ಕುಕ್ಕೆಯನ್ನು ಸುಟ್ಟುಬಿಡುವುದೇ ಮೇಲು.

ಪರೀಕ್ಷೆ ಯಾಕೆ ಬೇಕು

ಒಟ್ಟಿಗೆ ಹಲವು ಕೋಳಿ ಸತ್ತರೆ ಅದು ಹಕ್ಕಿಜ್ವರವೂ ಆಗಿರಬಹುದು. ಹೊರಗಿನಿಂದ ನೋಡಿ ರಾಣಿಖೇತ್ ಯಾವುದು, ಹಕ್ಕಿಜ್ವರ ಯಾವುದು ಎಂದು ಪಶುವೈದ್ಯರೂ ಹೇಳಲಾರರು. ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯದಲ್ಲೇ ಅದು ಖಚಿತವಾಗಬೇಕು. ಇದು ದೂರದ ಮಾತಲ್ಲ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಕೇಂದ್ರದಲ್ಲಿ ಟರ್ಕಿ ಕೋಳಿಗಳು ಸತ್ತು ಹಕ್ಕಿಜ್ವರ ದೃಢಪಟ್ಟು, ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. 2025ರ ಆರಂಭದಲ್ಲಿ ನಮ್ಮ ನೆರೆಯ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಮನೆಯ ಕೋಳಿಗಳಲ್ಲೇ ಅದು ಕಂಡಿತು.

ನಮ್ಮ ದೇಶದಲ್ಲಿ ಎಚ್5ಎನ್1 ಹಕ್ಕಿಜ್ವರಕ್ಕೆ ಕೋಳಿಗಳಿಗೆ ಲಸಿಕೆ ಹಾಕಲು ಅನುಮತಿ ಇಲ್ಲ. ರೋಗ ಕಂಡ ಜಾಗದ ಸುತ್ತ ಒಂದು ಕಿಲೋಮೀಟರಿನೊಳಗಿನ ಕೋಳಿಗಳನ್ನು ಕೊಲ್ಲುವುದು, ಹತ್ತು ಕಿಲೋಮೀಟರಿನವರೆಗೆ ಕಣ್ಣಿಡುವುದು, ಇದೇ ಕ್ರಮ. ಪ್ರದರ್ಶನದ ಹುಂಜ ಎಂದು ವಿನಾಯಿತಿ ಸಿಗುವುದಿಲ್ಲ. ಸರ್ಕಾರ ಕೊಂದ ಕೋಳಿಗೆ ಪರಿಹಾರ ಇದೆ, ಆದರೆ ಅದು ವರ್ಗವಾರು ನಿಗದಿಯಾದ ದರ. ನಿಮ್ಮ ಅಸೀಲ್‌ಗೆ ಯಾರೋ ಹೇಳಿದ್ದ ಬೆಲೆ ಅಲ್ಲಿ ನಡೆಯದು. ಅದಾಗಲೇ ಸತ್ತ ಕೋಳಿಗೆ ಪರಿಹಾರವಿಲ್ಲ. ಮುಚ್ಚಿಟ್ಟಷ್ಟು ದಿನವೂ ನಷ್ಟ ನಮ್ಮದೇ ಎನ್ನುವುದಕ್ಕೆ ಇದಕ್ಕಿಂತ ಸರಳ ಲೆಕ್ಕ ಬೇಡ. ಹತ್ತಿರದ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಸತ್ತ ಕೋಳಿಯನ್ನು ಕೆರೆಗೆ, ತಿಪ್ಪೆಗೆ ಎಸೆಯಬೇಡಿ, ನಾಯಿ ಕಾಗೆ ಎಳೆದಾಡುತ್ತವೆ. ಪಶುವೈದ್ಯರು ಬರುವವರೆಗೆ ಪ್ಲಾಸ್ಟಿಕ್ ಚೀಲ ಕೈಗೆ ಸುತ್ತಿಕೊಂಡು ಎತ್ತಿ, ಇನ್ನೊಂದು ಚೀಲದಲ್ಲಿ ಕಟ್ಟಿಡಿ. ಆಮೇಲೆ ಆಳವಾದ ಗುಂಡಿ, ಸುಣ್ಣ, ಮೇಲೆ ಮಣ್ಣು. ಕಾಯಿಲೆ ಕೋಳಿಯನ್ನು ಕೊಯ್ದು ಸಾರು ಮಾಡುವ ಯೋಚನೆ ಬೇಡ. 70 ಡಿಗ್ರಿ ದಾಟಿ ಬೆಂದ ಮಾಂಸ, ಮೊಟ್ಟೆಯಲ್ಲಿ ಈ ವೈರಸ್ ಉಳಿಯುವುದಿಲ್ಲ ಎನ್ನುವುದು ನಿಜ. ಅಪಾಯ ಇರುವುದು ಒಲೆಯ ಮೇಲಲ್ಲ, ಅದಕ್ಕೂ ಮುಂಚೆ, ಪುಕ್ಕ ಕೀಳುವ, ಕರುಳು ತೆಗೆಯುವ ಕೈಗಳಿಗೆ.

ಇನ್ನು ಕತ್ತು ತಿರುಚಿಕೊಂಡ ಆ ಹೇಟೆಯ ವಿಷಯ. ಅದನ್ನು ಇಟ್ಟುಕೊಳ್ಳಬಹುದೇ ಎಂದು ಓದುಗರು ಪತ್ರದ ಕೊನೆಯಲ್ಲಿ ಕೇಳಿದ್ದರು. ಮೊದಲು ಪಶುವೈದ್ಯರಿಗೆ ತೋರಿಸಿ, ಹಕ್ಕಿಜ್ವರವಲ್ಲ ಎಂದು ಖಚಿತವಾಗಲಿ. ರಾಣಿಖೇತ್ ಎಂದಾದರೆ ನರಕ್ಕೆ ಆದ ಪೆಟ್ಟು ಪೂರ್ತಿ ವಾಸಿಯಾಗುವುದು ಅಪರೂಪ. ಆದರೂ ಕೈಯಾರೆ ಮೇವು ನೀರು ಕೊಟ್ಟರೆ ಬದುಕಬಹುದು. ಅದು ಇನ್ನೂ ಕೆಲವು ವಾರ ವೈರಸ್ ಹೊರಹಾಕುತ್ತಿರಬಹುದು. ಅದು ಅಂಗಳದಲ್ಲಿ ಓಡಾಡುತ್ತಿರುವಷ್ಟು ದಿನ, ಮತ್ತು ಗೂಡು ತೊಳೆದು ಖಾಲಿ ಬಿಟ್ಟು ಒಂದು ತಿಂಗಳಾದರೂ ಕಳೆಯುವವರೆಗೆ, ಹೊಸ ಮರಿ ತರಬೇಡಿ. ತರುವಾಗ ಪಕ್ಕದ ಮನೆಯವರೂ ತರುತ್ತಾರೇನೋ ಕೇಳಿ. ಸೀಸೆಯಲ್ಲಿ ಹೇಗೂ ನೂರು ಡೋಸ್ ಇರುತ್ತದೆ.